ಹೆಸರು ಮರೆಸಿದ ಬಿಲ್ ಡಬ್ಲ್ಯು.

ಮದ್ಯದಂಗಡಿಯ ದಾರಿ ಹಿಡಿದು ಮನೆಮಠ ಕಳೆದುಕೊಂಡವರನ್ನು ನಾವು ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದ ಕಾಲದಲ್ಲಿ ಕಣ್ಣಾರೆ ಕಂಡಿದ್ದೇವೆ. ಅವರಲ್ಲಿ ಅನೇಕರು ನೆರವು ಕೇಳದೆ ಇದ್ದದ್ದು ಮನಸ್ಸಿಲ್ಲದೆ ಅಲ್ಲ. ನಾಲ್ಕು ಜನರ ಬಾಯಿಗೆ ಬೀಳುವೆವೆಂಬ ಅಂಜಿಕೆಯಿಂದ. ಈ ಅಂಜಿಕೆಯನ್ನು ಬಲ್ಲವರಾಗಿದ್ದ ಅಮೇರಿಕದ ವಿಲಿಯಂ ಗ್ರಿಫಿತ್ ವಿಲ್ಸನ್ನರ ಚರಿತ್ರೆಯನ್ನು ವಾಚಕರ ಮುಂದಿಡುತ್ತೇವೆ.

ವಿಲ್ಸನ್ನರು 1895ನೆಯ ಇಸವಿ ನವೆಂಬರ್ 26ರಂದು ವರ್ಮಾಂಟ್ ಸಂಸ್ಥಾನದ ಈಸ್ಟ್ ಡಾರ್ಸೆಟ್ ಗ್ರಾಮದಲ್ಲಿ ಜನಿಸಿದರು. ಮೊದಲನೆಯ ಮಹಾಯುದ್ಧದಲ್ಲಿ ಸೈನ್ಯಾಧಿಕಾರಿಯಾಗಿದ್ದು, ಬಳಿಕ ನ್ಯೂಯಾರ್ಕಿನ ಷೇರುಪೇಟೆಯಲ್ಲಿ ಗಳಿಸಿದ್ದನ್ನೆಲ್ಲ ಕಳೆದುಕೊಂಡು ಕುಡಿತಕ್ಕೆ ದಾಸರಾದರು. 1934ರ ಡಿಸೆಂಬರಿನಲ್ಲಿ ಆಸ್ಪತ್ರೆ ಸೇರಿದ ಮೇಲೆ ಮತ್ತೆ ಮದ್ಯ ಮುಟ್ಟಲಿಲ್ಲ.

ಮರುವರ್ಷ ಮೇ ತಿಂಗಳಲ್ಲಿ ವ್ಯವಹಾರಕ್ಕೆಂದು ಏಕ್ರನ್ ನಗರಕ್ಕೆ ಹೋಗಿ, ಅದರಲ್ಲಿ ಸೋತು, ಮೇಫ್ಲವರ್ ಹೋಟೆಲಿನ ಮೊಗಸಾಲೆಯಲ್ಲಿ ಒಂಟಿಯಾಗಿ ನಿಂತಿದ್ದರು. ಒಂದು ಕಡೆ ಮದ್ಯದ ಕೋಣೆ, ಇನ್ನೊಂದು ಕಡೆ ಟೆಲಿಫೋನು. ಅವರು ಟೆಲಿಫೋನನ್ನು ಕೈಗೆತ್ತಿಕೊಂಡರು. ಅದರ ಮೂಲಕ ಪರಿಚಯವಾದವರು ರಾಬರ್ಟ್ ಸ್ಮಿತ್ ಎಂಬ ಶಸ್ತ್ರವೈದ್ಯರು, ಅವರೂ ಪಾನವ್ಯಸನಿಗಳೇ. ಸ್ಮಿತ್ತರು ಕಡೆಯ ಬಾರಿ ಕುಡಿದ 1935ರ ಜೂನ್ 10ನೆಯ ದಿನವನ್ನೇ ಆಲ್ಕೋಹಾಲಿಕ್ಸ್ ಅನಾನಿಮಸ್ ಸಂಘದ ಜನ್ಮದಿನವೆಂದು ಎಣಿಸುತ್ತಾರೆ. ಮುಂಬಯಿಯಲ್ಲಿಯೂ ಅದರ ಸಭೆಗಳುಂಟು.

1940ರಲ್ಲಿ ರಾಲಿ ಹೆಮ್ಸ್ಲಿ ಎಂಬ ಪ್ರಸಿದ್ಧ ಬೇಸ್‌ಬಾಲ್ ಆಟಗಾರರು ತಾವು ಈ ಸಂಘದ ಸದಸ್ಯರೆಂದು ಪತ್ರಿಕೆಗಳಿಗೆ ತಿಳಿಸಿದರು. ಅದನ್ನು ಕಂಡು ವಿಲ್ಸನ್ನರಿಗೆ ಹೊಟ್ಟೆಕಿಚ್ಚಾಯಿತು. ಊರೂರು ತಿರುಗಿ ತಮ್ಮ ಹೆಸರನ್ನೂ ಭಾವಚಿತ್ರವನ್ನೂ ಪತ್ರಿಕೆಗಳಿಗೆ ಕೊಟ್ಟರು! ಸಂಘಕ್ಕೆ ಪ್ರಚಾರವಾಗಲೆಂಬುದು ನೆಪ. ಇದನ್ನು ಮುಂದೆ ಅವರೇ ಬರೆದು ಒಪ್ಪಿಕೊಂಡರೆಂಬುದು ಅವರ ದೊಡ್ಡತನ.

ಹೆಸರಾದ ಸದಸ್ಯನೊಬ್ಬನು ನಾಳೆ ಪುನಃ ಕುಡಿದರೆ ಆ ಸುದ್ದಿಯೂ ಅಚ್ಚಾಗುತ್ತದೆ; ಓದಿದವನು ಈ ಸಂಘವೂ ಇಷ್ಟೇ ಎಂದು ಬೆನ್ನು ತಿರುಗಿಸುತ್ತಾನೆ. ಕೀರ್ತಿಯ ಅಮಲೂ ಒಂದು ಅಮಲೇ ಎಂಬುದನ್ನು ವಿಲ್ಸನ್ನರು ತಮ್ಮಲ್ಲಿಯೇ ಕಂಡುಕೊಂಡಿದ್ದರು. 1950ರಲ್ಲಿ ಕ್ಲೀವ್‌ಲೆಂಡ್ ಸಮ್ಮೇಳನವು ಅಂಗೀಕರಿಸಿದ ಹನ್ನೆರಡು ಸಂಪ್ರದಾಯಗಳಲ್ಲಿ, ಪತ್ರಿಕೆ, ರೇಡಿಯೋ, ಚಲನಚಿತ್ರಗಳಲ್ಲಿ ಸದಸ್ಯರು ಅನಾಮಧೇಯರಾಗಿಯೇ ಇರತಕ್ಕದ್ದೆಂಬುದೂ ಒಂದು. ಸದಸ್ಯನು ಮನೆಯವರಲ್ಲಿ, ಗೆಳೆಯರಲ್ಲಿ ಹೇಳಿಕೊಳ್ಳಲು ಅಡ್ಡಿಯಿಲ್ಲ. ನಿರ್ಬಂಧವಿರುವುದು ನಮ್ಮಂಥ ಪತ್ರಿಕೆಯವರ ಮುಂದೆ. ಸುದ್ದಿಗೆ ಹೆಸರು ಬೇಕೇ ಬೇಕೆಂದು ಹಟ ಹಿಡಿಯುವ ನಮಗೆ ಇದು ಮೊದಲು ವಿಚಿತ್ರವೆನಿಸಿತ್ತು.

1954ರಲ್ಲಿ ಯೇಲ್ ವಿಶ್ವವಿದ್ಯಾನಿಲಯವು ನೀಡಬಯಸಿದ ಗೌರವ ಡಾಕ್ಟರೇಟನ್ನು ವಿಲ್ಸನ್ನರು ನಯವಾಗಿ ನಿರಾಕರಿಸಿದರು. ಸಂಘದೊಳಗೆ ಅವರು ಬರಿಯ ಬಿಲ್ ಡಬ್ಲ್ಯು. 1971ರ ಜನವರಿ 24ರಂದು ಮಯಾಮಿಯಲ್ಲಿ ತೀರಿಕೊಂಡಾಗ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ಪೂರ್ಣ ಹೆಸರನ್ನು ಅಚ್ಚಿಸಿತು. ಈಸ್ಟ್ ಡಾರ್ಸೆಟ್ಟಿನಲ್ಲಿರುವ ಅವರ ಸಮಾಧಿಶಿಲೆಯ ಮೇಲೆ ಯುದ್ಧಸೇವೆಯ ಉಲ್ಲೇಖವುಂಟು, ಸಂಘದ ಹೆಸರಿಲ್ಲ.