ಐವತ್ತರ ನಂತರ ಅಚ್ಚುಮೊಳೆ ಹಿಡಿದ ವರ್ತಕ

ಸರ್ಕಾರಿ ಸೇವೆಯಿಂದ ನಿವೃತ್ತರಾದವರನ್ನು ಬಂಧುಮಿತ್ರರು ತಪ್ಪದೆ ಕೇಳುವ ಪ್ರಶ್ನೆ, ಮುಂದೇನು ಎಂಬುದು. ಆ ಪ್ರಶ್ನೆ ಎದುರಾದಾಗಲೆಲ್ಲ ನನಗೆ ನೆನಪಾಗುವವನು ಹದಿನೈದನೆಯ ಶತಮಾನದ ವಿಲಿಯಂ ಕ್ಯಾಕ್ಸ್‌ಟನ್. ಇಂಗ್ಲೆಂಡಿಗೆ ಮುದ್ರಣಕಲೆಯನ್ನು ತಂದವನೆಂದು ಆತನನ್ನು ಶಾಲಾಪಠ್ಯಗಳಲ್ಲಿ ಓದಿದವರು ಬಹಳ. ಆದರೆ ಆ ಕೆಲಸಕ್ಕೆ ಕೈಹಾಕುವ ಮೊದಲು ಆತ ಇನ್ನೊಂದು ಇಡೀ ವೃತ್ತಿಜೀವನವನ್ನೇ ಮುಗಿಸಿದ್ದ ಎಂಬುದನ್ನು ಗಮನಿಸಿದವರು ಕಡಿಮೆ.

ಕೆಂಟ್ ಪ್ರಾಂತ್ಯದಲ್ಲಿ ಹುಟ್ಟಿದ ಕ್ಯಾಕ್ಸ್‌ಟನ್, 1438ರಲ್ಲಿ ಲಂಡನ್ನಿನ ಶ್ರೀಮಂತ ಬಟ್ಟೆ ವರ್ತಕ ರಾಬರ್ಟ್ ಲಾರ್ಜ್‌ನ ಬಳಿ ಕೆಲಸ ಕಲಿಯಲು ಸೇರಿದ. ಮರುವರ್ಷವೇ ಲಾರ್ಜ್ ಲಂಡನ್ನಿನ ಮೇಯರ್ ಆದ. 1441ರಲ್ಲಿ ತೀರಿಕೊಂಡಾಗ ತನ್ನ ಶಿಷ್ಯನಿಗೂ ಉಯಿಲಿನಲ್ಲಿ ಒಂದಿಷ್ಟು ಹಣ ಬಿಟ್ಟಿದ್ದ. ಮುಂದೆ ಕ್ಯಾಕ್ಸ್‌ಟನ್ ಇಂದಿನ ಬೆಲ್ಜಿಯಂನಲ್ಲಿರುವ ಬ್ರೂಜ್ ನಗರಕ್ಕೆ ಹೋಗಿ ನೆಲೆಸಿದ. 1460ರ ದಶಕದಲ್ಲಿ ಆ ಭಾಗದ ಇಂಗ್ಲಿಷ್ ವರ್ತಕರ ಸಮುದಾಯಕ್ಕೆ ಗವರ್ನರ್ ಆದ. ವ್ಯಾಪಾರದ ತಕರಾರುಗಳನ್ನು ತೀರಿಸುವುದು, ದೊರೆಯ ಪರವಾಗಿ ಸಂಧಾನಕ್ಕೆ ಕೂರುವುದು ಆತನ ಹೊಣೆ. ಕಡತಗಳ ನಡುವೆ ಆಯುಷ್ಯ ಸವೆಸಿದ ನನ್ನಂಥವರಿಗೆ ಈ ಬದುಕು ಅಪರಿಚಿತವೇನಲ್ಲ.

1469ರಲ್ಲಿ, ಬಿಡುವಿನ ವೇಳೆಗೊಂದು ಕೆಲಸವಿರಲೆಂದು, ರಾವುಲ್ ಲೆಫೆವ್ರ್ ಫ್ರೆಂಚಿನಲ್ಲಿ ಬರೆದಿದ್ದ ಟ್ರಾಯ್ ಕಥಾಸಂಗ್ರಹವನ್ನು ಆತ ಇಂಗ್ಲಿಷಿಗೆ ಅನುವಾದಿಸತೊಡಗಿದ. ಕೆಲವು ಪುಟಗಳಾಗುವಷ್ಟರಲ್ಲಿ ಧೈರ್ಯಗುಂದಿ ಕೈಬಿಟ್ಟ. ಆಗ ಒತ್ತಾಯಿಸಿದವಳು ಇಂಗ್ಲೆಂಡಿನ ದೊರೆ ನಾಲ್ಕನೆಯ ಎಡ್ವರ್ಡನ ತಂಗಿ, ಬರ್ಗಂಡಿಯ ಡಚೆಸ್ ಮಾರ್ಗರೆಟ್. ಭಾಷೆಯ ದೋಷಗಳನ್ನು ತಿದ್ದಿ, ಕೆಲಸ ಮುಂದುವರಿಸುವಂತೆ ಆಜ್ಞಾಪಿಸಿದಳು. 1471ರಲ್ಲಿ, ಕೊಲೋನ್ ನಗರದಲ್ಲಿ ಅನುವಾದ ಪೂರ್ಣಗೊಂಡಿತು.

ಪ್ರತಿ ಬೇಕೆಂದು ಕೇಳುವವರು ಹೆಚ್ಚಿದಾಗ ಕೈ ಸೋತಿತು, ಕಣ್ಣು ಮಂಜಾಯಿತು. ಐವತ್ತರ ಆಸುಪಾಸಿನ ಈ ವರ್ತಕ ಆಗ ಕೊಲೋನ್‌ನಲ್ಲಿ ಹಣ ತೆತ್ತು ಮುದ್ರಣವಿದ್ಯೆ ಕಲಿತ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಆತನ ಲೆಕ್ಕಾಚಾರ ಸ್ಪಷ್ಟವಾಗಿ ಕಾಣುತ್ತದೆ: ಕೈಬರಹದಲ್ಲಿ ನೂರನೆಯ ಪ್ರತಿಗೂ ಮೊದಲ ಪ್ರತಿಯಷ್ಟೇ ಶ್ರಮ, ಮುದ್ರಣದಲ್ಲಿ ವೆಚ್ಚವೆಲ್ಲ ಬಹುಪಾಲು ಮೊದಲೇ, ಆಮೇಲಿನ ಒಂದೊಂದು ಪ್ರತಿಯೂ ಅಗ್ಗ. 1473-74ರ ಸುಮಾರಿಗೆ ಆ ಟ್ರಾಯ್ ಕಥೆ ಅಚ್ಚಾಗಿ ಹೊರಬಂತು. ಇಂಗ್ಲಿಷಿನ ಮೊಟ್ಟಮೊದಲ ಮುದ್ರಿತ ಪುಸ್ತಕ ಅದೇ. ಅದು ಅಚ್ಚಾದದ್ದು ಇಂಗ್ಲೆಂಡಿನ ಹೊರಗೆ, ಮತ್ತು ಅದೊಂದು ಅನುವಾದ!

1476ರಲ್ಲಿ ತಾಯ್ನಾಡಿಗೆ ಮರಳಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮುದ್ರಣಾಲಯ ತೆರೆದ ಕ್ಯಾಕ್ಸ್‌ಟನ್, ಮುಂದಿನ ಹದಿನೈದು ವರ್ಷಗಳಲ್ಲಿ ಸುಮಾರು ನೂರು ಕೃತಿಗಳನ್ನು ಅಚ್ಚುಹಾಕಿದ. ಅವುಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಅವನದೇ ಅನುವಾದ. ಚಾಸರ್‌ನ ‘ಕ್ಯಾಂಟರ್‌ಬರಿ ಟೇಲ್ಸ್’ ಅಚ್ಚಾದ ಮೇಲೆ ಓದುಗನೊಬ್ಬ ಬಂದು, ತನ್ನ ತಂದೆಯ ಬಳಿಯಿರುವ ಹಸ್ತಪ್ರತಿಯ ಪಾಠವೇ ಬೇರೆ ಎಂದು ಆಕ್ಷೇಪಿಸಿದ. ಕ್ಯಾಕ್ಸ್‌ಟನ್ ವಾದಕ್ಕಿಳಿಯದೆ ಆ ಪ್ರತಿಯನ್ನು ತರಿಸಿಕೊಂಡು, ಪರಿಷ್ಕರಿಸಿ ಮತ್ತೊಮ್ಮೆ ಮುದ್ರಿಸಿದ. ಒಂದು ಜಿಲ್ಲೆಯ ಮಾತು ಇನ್ನೊಂದು ಜಿಲ್ಲೆಗೆ ತಿಳಿಯದ ಕಾಲವದು. ಮೊಟ್ಟೆ ಕೇಳಿದ ವರ್ತಕನಿಗೆ ಕೆಂಟ್‌ನ ಹೆಂಗಸೊಬ್ಬಳು ತನಗೆ ಫ್ರೆಂಚ್ ಬರುವುದಿಲ್ಲವೆಂದು ಉತ್ತರಿಸಿದ ಪ್ರಸಂಗವನ್ನು ಆತನೇ ದಾಖಲಿಸಿದ್ದಾನೆ. ಯಾರ ಇಂಗ್ಲಿಷಿನಲ್ಲಿ ಬರೆಯಬೇಕೆಂಬ ಆತನ ಚಿಂತೆ, ಧಾರವಾಡ, ಮೈಸೂರು, ಮಂಗಳೂರುಗಳ ಮಾತು ಬಲ್ಲ ನಮಗೆ ಸುಲಭವಾಗಿ ಅರ್ಥವಾಗುತ್ತದೆ.

ಆ ಮೊದಲ ಪುಸ್ತಕ ಮುಂದೆ ಷೇಕ್ಸ್‌ಪಿಯರನ ಕೈಸೇರಿತು. 1602ರ ಸುಮಾರಿನ ‘ಟ್ರಾಯ್ಲಸ್ ಅಂಡ್ ಕ್ರೆಸಿಡಾ’ ನಾಟಕದ ಪ್ರೇಮಕಥೆಗೆ ಚಾಸರ್ ಆಧಾರವಾದರೆ, ರಣರಂಗದ ಸಾಮಗ್ರಿ ಬಹುಮಟ್ಟಿಗೆ ಕ್ಯಾಕ್ಸ್‌ಟನ್‌ನದು. ಪ್ರಸ್ತಾವನೆಯಲ್ಲಿ ಬರುವ ಟ್ರಾಯ್ ಕೋಟೆಯ ಆರು ಬಾಗಿಲುಗಳ ಹೆಸರುಗಳೂ ಅಲ್ಲಿಂದಲೇ ಬಂದವು. ಹೋಮರನಲ್ಲಿ ಹೆಕ್ಟರ್ ಸಾಯುವುದು ಅಕಿಲೀಸನೊಡನೆ ಮುಖಾಮುಖಿ ಹೋರಾಡಿ. ಕ್ಯಾಕ್ಸ್‌ಟನ್‌ನಲ್ಲಿ ಅಕಿಲೀಸನ ಪಡೆ ಸುತ್ತುವರಿದು ಕೊಲ್ಲಿಸುವುದು ಟ್ರಾಯ್ಲಸ್‌ನನ್ನು. ನಾಟಕಕಾರ ಆ ಹೇಯ ಮರಣವನ್ನು ನಿರಾಯುಧ ಹೆಕ್ಟರನಿಗೆ ವರ್ಗಾಯಿಸಿದ. ಯುದ್ಧದ ವೈಭವವೆಲ್ಲ ಆ ಒಂದು ದೃಶ್ಯದಲ್ಲಿ ಕಳಚಿಬೀಳುತ್ತದೆ.

ಕ್ಯಾಕ್ಸ್‌ಟನ್ 1491-92ರ ಹೊತ್ತಿಗೆ ತೀರಿಕೊಂಡ. ಸಂತರ ಜೀವನಚರಿತ್ರೆಯೊಂದರ ಅನುವಾದವನ್ನು ಬದುಕಿನ ಕೊನೆಯ ದಿನ ಮುಗಿಸಿದನೆಂದು ಆತನ ಉತ್ತರಾಧಿಕಾರಿ ವಿಂಕಿನ್ ಡಿ ವರ್ಡ್ ಬರೆದಿಟ್ಟಿದ್ದಾನೆ.

ಟ್ರಾಯ್ ಪುಸ್ತಕದ ಮೊದಲ ಮುದ್ರಣದ ಸುಮಾರು 18 ಪ್ರತಿಗಳಷ್ಟೇ ಇಂದು ಉಳಿದಿವೆ. ಅವುಗಳಲ್ಲೊಂದು 2014ರಲ್ಲಿ ಲಂಡನ್ನಿನ ಹರಾಜಿನಲ್ಲಿ 10 ಲಕ್ಷ ಪೌಂಡಿಗೂ ಹೆಚ್ಚು ಬೆಲೆಗೆ ಹೋಯಿತು. ಆದರೆ ಷೇಕ್ಸ್‌ಪಿಯರ್ ಬರೆಯುವ ಹೊತ್ತಿಗೆ ಲಂಡನ್ನಿನ ಪೇಟೆಯಲ್ಲಿದ್ದುದು ಥಾಮಸ್ ಕ್ರೀಡ್ 1596-97ರಲ್ಲಿ ಹೊರತಂದ ಮರುಮುದ್ರಣ. ಕಪಾಟಿನಲ್ಲಿ ಭದ್ರವಾಗಿರುವ ಅಪರೂಪದ ಪ್ರತಿ ಮಾಡಲಾಗದ ಕೆಲಸವನ್ನು ಪೇಟೆಯಲ್ಲಿ ಸಿಗುವ ಸಾಧಾರಣ ಪ್ರತಿ ಮಾಡುತ್ತದೆ. ಹಳೆಯ ಅನುವಾದಗಳು ಮರುಮುದ್ರಣವಿಲ್ಲದೆ ಕಣ್ಮರೆಯಾಗುವುದನ್ನು ನೋಡುತ್ತಿರುವ ನಾವು ಈ ಲೆಕ್ಕವನ್ನು ಮರೆಯಬಾರದು. ಮುಂದಿನ ನಾಟಕಕಾರ ಯಾವ ಪುಸ್ತಕಕ್ಕಾಗಿ ಕಾದಿದ್ದಾನೋ ಬಲ್ಲವರಾರು?