ಕಲ್ಲು ಕರಗದೆಯೇ ಬೇರೆ ಕಲ್ಲಾಗುತ್ತದೆಯೇ? ಪೆಂಟಿ ಎಸ್ಕೊಲಾ ಕಂಡುಕೊಂಡ ಉತ್ತರ

ರೂಪಾಂತರ ಶಿಲೆ ಎಂದರೆ ಭೂಮಿಯೊಳಗೆ ಕರಗಿ, ಮತ್ತೆ ಗಟ್ಟಿಯಾದ ಕಲ್ಲು ಎಂದೇ ಹಲವರು ತಿಳಿದಿರುತ್ತಾರೆ. ಇದು ತಪ್ಪು. ಕರಗಿ ಗಟ್ಟಿಯಾದದ್ದು ಅಗ್ನಿಶಿಲೆ. ರೂಪಾಂತರದಲ್ಲಿ ಕಲ್ಲು ಗಟ್ಟಿಯಾಗಿಯೇ ಇದ್ದು, ಒಳಗಿನ ಖನಿಜಗಳು ಬದಲಾಗುತ್ತವೆ. ಎಷ್ಟು ಶಾಖ, ಎಷ್ಟು ಒತ್ತಡಕ್ಕೆ ಯಾವ ಖನಿಜಗಳು ಎಂಬುದನ್ನು ಓದುವ ದಾರಿ ತೋರಿಸಿದವರು ಫಿನ್‌ಲೆಂಡಿನ ಪೆಂಟಿ ಎಸ್ಕೊಲಾ.

1883ರಲ್ಲಿ ರೈತ ಕುಟುಂಬದಲ್ಲಿ ಹುಟ್ಟಿದ ಅವರು ಹೆಲ್ಸಿಂಕಿಯಲ್ಲಿ ಮೊದಲು ಓದಿದ್ದು ರಸಾಯನಶಾಸ್ತ್ರ. ಆಮೇಲೆ ಒರಿಯಾರ್ವಿ ಎಂಬ ಹಳೆಯ ತಾಮ್ರದ ಗಣಿಯ ಸುತ್ತಲಿನ ಕಲ್ಲುಗಳ ಬೆನ್ನುಹತ್ತಿದರು. ಅಲ್ಲಿನ ಕಲ್ಲುಗಳನ್ನು ನಾರ್ವೆಯ ಓಸ್ಲೊ ಬಳಿ ಗೋಲ್ಡ್‌ಶ್ಮಿಟ್ ಅಧ್ಯಯನ ಮಾಡಿದ್ದ ಕಲ್ಲುಗಳೊಂದಿಗೆ ಹೋಲಿಸಿದಾಗ ವಿಚಿತ್ರವೊಂದು ಕಂಡಿತು. ರಾಸಾಯನಿಕ ಸಂಯೋಜನೆ ಒಂದೇ, ಖನಿಜಗಳು ಬೇರೆ! ಓಸ್ಲೊದಲ್ಲಿ ಫೆಲ್ಡ್‌ಸ್ಪಾರ್ ಮತ್ತು ಆಂಡಲುಸೈಟ್ ಇರುವಲ್ಲಿ ಒರಿಯಾರ್ವಿಯಲ್ಲಿ ಅಭ್ರಕವಿತ್ತು. ಅದೇ ಹಿಟ್ಟು ಹಬೆಯಲ್ಲಿ ಇಡ್ಲಿ, ಕಾವಲಿಯ ಮೇಲೆ ದೋಸೆ ಆಗುವುದಿಲ್ಲವೇ, ಹಾಗೆ. 1915ರಲ್ಲಿ ಈ ವಿಚಾರವನ್ನು ಪ್ರಕಟಿಸಿದರು. ಇಂದಿಗೂ ಭೂವಿಜ್ಞಾನದ ವಿದ್ಯಾರ್ಥಿಗಳು ಓದುವ 'ಫೇಸೀಸ್' ಪರಿಕಲ್ಪನೆ ಇದೇ.

ಮುಂದೆ ನಾರ್ವೆಗೆ ಹೋಗಿ ಎಕ್ಲೊಗೈಟ್ ಎಂಬ ಕಲ್ಲನ್ನು ಹಿಡಿದರು. ಹಸಿರು ಖನಿಜದ ನಡುವೆ ಕೆಂಪು ಗಾರ್ನೆಟ್ ಹರಳುಗಳಿರುವ, ನೋಡಲು ಬಲು ಚೆಂದದ ಕಲ್ಲು. ರಸಾಯನದಲ್ಲಿ ಮಾತ್ರ ಅದು ನಮ್ಮ ವಿಜಯಪುರ, ಕಲಬುರಗಿ ಕಡೆಯ ಕಪ್ಪು ಕಲ್ಲಿನ, ಅಂದರೆ ಬಸಾಲ್ಟಿನ ನಂಟ. ಭಾರಿ ಒತ್ತಡದಲ್ಲಿ ಬಸಾಲ್ಟಿನ ಫೆಲ್ಡ್‌ಸ್ಪಾರ್ ಉಳಿಯಲಾರದು. ಅದರ ಸೋಡಿಯಂ ಹಸಿರು ಓಂಫಸೈಟಿಗೆ ಸೇರುತ್ತದೆ; ಕ್ಯಾಲ್ಸಿಯಂ, ಅಲ್ಯೂಮಿನಿಯಂಗಳಲ್ಲಿ ಒಂದು ಪಾಲು ಗಾರ್ನೆಟಿಗೆ ಹೋಗುತ್ತದೆ. ನೀರಿನಂಶವೂ ಹೊರಬೀಳುತ್ತದೆ. ಸಾಂದ್ರತೆ ಸುಮಾರು 3.0ರಿಂದ 3.5ರ ಹತ್ತಿರಕ್ಕೆ ಏರುತ್ತದೆ. 1921ರಲ್ಲಿ ಎಸ್ಕೊಲಾ ಈ ಕಲ್ಲುಗಳ ಬಗ್ಗೆ ವಿವರವಾಗಿ ಬರೆದರು.

ಆದರೆ ಅಷ್ಟು ಆಳದ ಕಲ್ಲು ಮೇಲಿನ ಬೆಟ್ಟದಲ್ಲೇಕಿದೆ? ಆಗ ಭೂಫಲಕಗಳ ಸಿದ್ಧಾಂತವೇ ಇರಲಿಲ್ಲ. ನಾರ್ವೆಯ ಎಕ್ಲೊಗೈಟ್ ಇದ್ದಲ್ಲೇ ರೂಪುಗೊಂಡಿತೋ, ಆಳದಿಂದ ಬಂದು ಸೇರಿಕೊಂಡಿತೋ ಎಂಬ ಜಗಳ ದಶಕಗಳ ಕಾಲ ನಡೆಯಿತು. 1924ರಿಂದ 1953ರವರೆಗೆ ಹೆಲ್ಸಿಂಕಿಯಲ್ಲಿ ಪ್ರಾಧ್ಯಾಪಕರಾಗಿದ್ದ ಎಸ್ಕೊಲಾ 1964ರಲ್ಲಿ ತೀರಿಕೊಂಡರು. ಕೆಲವೇ ವರ್ಷಗಳಲ್ಲಿ ಉತ್ತರ ಸಿಗತೊಡಗಿತು: ಒಂದು ಭೂಫಲಕ ಇನ್ನೊಂದರ ಕೆಳಗೆ ಜಾರುತ್ತದೆ. ಎಕ್ಲೊಗೈಟ್ ಆದಮೇಲೆ ತನ್ನ ತೂಕಕ್ಕೇ ಇನ್ನಷ್ಟು ಕೆಳಗೆ ಎಳೆಯುತ್ತದೆ. ನಾರ್ವೆಯ ನೆಲ ಸುಮಾರು 40 ಕೋಟಿ ವರ್ಷಗಳ ಹಿಂದೆ ಹೀಗೆ ಗ್ರೀನ್‌ಲೆಂಡ್ ಕಡೆಯ ಖಂಡದ ಅಡಿಗೆ ಸರಿದು, ಮತ್ತೆ ಮೇಲೆ ಬಂದದ್ದು. 1984ರಲ್ಲಿ ಅಲ್ಲಿನ ಎಕ್ಲೊಗೈಟಿನೊಳಗೆ ಕೋಯೆಸೈಟ್ ಸಿಕ್ಕಿತು. ಸುಮಾರು 90 ಕಿಲೋಮೀಟರ್ ಆಳದ ಒತ್ತಡ ಬೇಕಾಗುವ ಖನಿಜವದು.

ಲಡಾಖಿನ ತ್ಸೋ ಮೊರಿರಿ ಸರೋವರದ ಸುತ್ತಲೂ ಎಕ್ಲೊಗೈಟ್ ಇದೆ. ಅದರಲ್ಲೂ ಕೋಯೆಸೈಟ್ ಸಿಕ್ಕಿದೆ: ಭಾರತದ ಅಂಚು ಏಷ್ಯಾದ ಅಡಿಗೆ ಹೋಗಿ ಮರಳಿದ್ದರ ಗುರುತು.