ಪ್ರಾರ್ಥನೆಗೆ ಕರೆ ಕೊಡದ ಅಧ್ಯಕ್ಷ

ಥಾಮಸ್ ಜೆಫರ್ಸನ್ ಅಂದ ತಕ್ಷಣ ನೆನಪಾಗೋದು 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆ. ಅದನ್ನು ಬರೆದಾಗ ಅವರಿಗೆ ಬರೀ 33 ವರ್ಷ. ನೇಗಿಲು ಮಣ್ಣನ್ನು ಸುಲಭವಾಗಿ ಮಗುಚುವಂತೆ ಲೆಕ್ಕ ಹಾಕಿ ವಿನ್ಯಾಸ ಮಾಡಿದವರು, ತಮ್ಮ ಮನೆಯ ನಕ್ಷೆಯನ್ನು ತಾವೇ ಬರೆದವರು. ಒಂಥರಾ ನಮ್ಮ ಪೈಕಿಯೇ! ಆದರೆ ಇಲ್ಲಿ ಹೇಳಹೊರಟಿರೋದು ಅವರ ಒಂದು ಹಠದ ಬಗ್ಗೆ. ಪ್ರಾರ್ಥನೆ ಮಾಡಿ ಅಂತ ಜನರಿಗೆ ಹೇಳೋದು ಸರ್ಕಾರದ ಕೆಲಸ ಅಲ್ಲ ಅನ್ನೋದೇ ಆ ಹಠ.

ಜೆಫರ್ಸನ್ ಹುಟ್ಟಿದ್ದು 1743ರ ಏಪ್ರಿಲ್ 13ರಂದು, ಬ್ರಿಟಿಷರ ವಸಾಹತಾಗಿದ್ದ ವರ್ಜೀನಿಯಾದಲ್ಲಿ. ಅಲ್ಲಿ ಆಂಗ್ಲಿಕನ್ ಚರ್ಚೇ ಸರ್ಕಾರಿ ಚರ್ಚು. ಬೇರೆ ಪಂಥದವರೂ ಅದಕ್ಕೆ ತೆರಿಗೆ ಕಟ್ಟಬೇಕಿತ್ತು.

ತಮಾಷೆ ಅಂದ್ರೆ, ಪ್ರಾರ್ಥನಾ ದಿನವನ್ನು ರಾಜಕೀಯಕ್ಕೆ ಬಳಸೋದು ಹೇಗೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. 1774ರಲ್ಲಿ ಬ್ರಿಟಿಷರು ಬಾಸ್ಟನ್ ಬಂದರನ್ನು ಮುಚ್ಚಲು ಹೊರಟಾಗ, ಜೆಫರ್ಸನ್ ಮತ್ತು ಗೆಳೆಯರು ಹಳೇ ದಾಖಲೆಗಳನ್ನು ತಿರುವಿಹಾಕಿ, ಜೂನ್ 1ನ್ನು ಉಪವಾಸ ಮತ್ತು ಪ್ರಾರ್ಥನೆಯ ದಿನವನ್ನಾಗಿಸುವ ನಿರ್ಣಯ ಸಿದ್ಧಪಡಿಸಿದರು. ಅದರ ಧಾಟಿಗೆ ಹೊಂದಲಿ ಅಂತ ದೈವಭಕ್ತ ಸದಸ್ಯರೊಬ್ಬರಿಂದ ಮಂಡಿಸಿದರು. ಸಿಟ್ಟಾದ ಗವರ್ನರ್ ಶಾಸನಸಭೆಯನ್ನೇ ವಿಸರ್ಜಿಸಿದ. ಆ ದಿನ ಇಡೀ ವಸಾಹತಿಗೆ ಕರೆಂಟ್ ಹೊಡೆದ ಹಾಗಾಯ್ತು ಅಂತ ಜೆಫರ್ಸನ್ ವಯಸ್ಸಾದ ಮೇಲೆ ನೆನೆಸಿಕೊಂಡಿದ್ದಾರೆ. 1779ರಲ್ಲಿ ಸ್ವತಃ ಗವರ್ನರ್ ಆಗಿದ್ದಾಗಲೂ ಒಂದು ಪ್ರಾರ್ಥನಾ ದಿನ ಘೋಷಿಸಿದ್ದರು.

ಆದರೆ ಅಷ್ಟರಲ್ಲೇ ಅವರು ಧಾರ್ಮಿಕ ಸ್ವಾತಂತ್ರ್ಯದ ಮಸೂದೆಯನ್ನೂ ಬರೆದಾಗಿತ್ತು. ಅವರು ಪ್ಯಾರಿಸ್‌ನಲ್ಲಿದ್ದಾಗ, ಜೇಮ್ಸ್ ಮ್ಯಾಡಿಸನ್ ಅವರ ಪ್ರಯತ್ನದಿಂದ 1786ರಲ್ಲಿ ಅದು ವರ್ಜೀನಿಯಾದ ಕಾನೂನಾಯಿತು. ಚರ್ಚಿಗೆ ಬನ್ನಿ ಅಂತಾಗಲಿ, ದುಡ್ಡು ಕೊಡಿ ಅಂತಾಗಲಿ ಇನ್ನು ಯಾರನ್ನೂ ಬಲವಂತ ಮಾಡುವಂತಿರಲಿಲ್ಲ.

1801ರಲ್ಲಿ ಜೆಫರ್ಸನ್ ಅಧ್ಯಕ್ಷರಾದರು. ಅವರಿಗಿಂತ ಮುಂಚಿನ ವಾಷಿಂಗ್ಟನ್, ಆಡಮ್ಸ್ ಇಬ್ಬರೂ ಪ್ರಾರ್ಥನಾ ದಿನ ಘೋಷಿಸಿದ್ದರು. ಇವರು 8 ವರ್ಷದಲ್ಲಿ ಒಂದನ್ನೂ ಘೋಷಿಸಲಿಲ್ಲ. ವಿರೋಧಿಗಳು ಮೊದಲೇ ನಾಸ್ತಿಕ ಅಂತ ಬೈತಿದ್ರು, ಈಗ ಇನ್ನೊಂದು ನೆಪ ಸಿಕ್ಕಿತು. 1802ರ ಜನವರಿ 1ರಂದು ಡ್ಯಾನ್‌ಬರಿಯ ಬ್ಯಾಪ್ಟಿಸ್ಟರಿಗೆ ಬರೆದ ಪತ್ರದಲ್ಲೇ, ಚರ್ಚಿಗೂ ಸರ್ಕಾರಕ್ಕೂ ನಡುವೆ ಗೋಡೆ ಇರಬೇಕು ಅನ್ನೋ ಅವರ ಪ್ರಸಿದ್ಧ ಮಾತು ಬಂದದ್ದು. ಪ್ರಾರ್ಥನಾ ದಿನ ಯಾಕೆ ಘೋಷಿಸಲ್ಲ ಅಂತಲೂ ಕರಡಿನಲ್ಲಿ ಬರೆದಿದ್ದರು. ನ್ಯೂ ಇಂಗ್ಲೆಂಡಿನ ತಮ್ಮ ಪಕ್ಷದವರಿಗೆ ಬೇಜಾರಾಗಬಹುದು ಅಂತ ಆ ಭಾಗವನ್ನು ಹೊಡೆದುಹಾಕಿದರು. ಶಾಯಿಯಡಿ ಮುಚ್ಚಿಹೋಗಿದ್ದ ಆ ಸಾಲುಗಳನ್ನು 1998ರಲ್ಲಿ ಎಫ್‌ಬಿಐ ಪ್ರಯೋಗಾಲಯ ಓದಿ ತೆಗೆಯಿತು!

ಹಾಗಂತ ಅವರು ಪ್ರಾರ್ಥನೆಯ ವಿರೋಧಿಯಲ್ಲ. ಆ ಪತ್ರ ಬರೆದ ಎರಡೇ ದಿನಕ್ಕೆ, ಸಂಸತ್ ಸಭಾಂಗಣದಲ್ಲೇ ನಡೆದ ಪ್ರಾರ್ಥನಾ ಸಭೆಗೆ ಹೋಗಿದ್ದರು. ಹೋಗೋದು ಅವರಿಷ್ಟ, ಹೋಗಿ ಅಂತ ಅಧ್ಯಕ್ಷರಾಗಿ ಹೇಳೋದು ಬೇರೆ. ಆಜ್ಞೆ ಬೇಡ, ಸಲಹೆಯಾದರೂ ಕೊಡಬಹುದಲ್ವಾ ಅನ್ನೋರಿಗೆ 1808ರಲ್ಲಿ ಪಾದ್ರಿಯೊಬ್ಬರಿಗೆ ಬರೆದ ಪತ್ರದಲ್ಲಿ ಉತ್ತರವಿದೆ: ಸರ್ಕಾರದ ಸಲಹೆಯನ್ನು ಪಾಲಿಸದವರಿಗೆ ದಂಡ ಇಲ್ಲದಿದ್ದರೂ, ಜನರ ಕಣ್ಣಲ್ಲಿ ಅವರು ತಪ್ಪಿತಸ್ಥರಾಗ್ತಾರೆ.

ಅವರ ಬದುಕಿನ ಕಪ್ಪು ಭಾಗವನ್ನೂ ಮರೆಯುವಂತಿಲ್ಲ. ಸ್ವಾತಂತ್ರ್ಯದ ಬಗ್ಗೆ ಇಷ್ಟೆಲ್ಲ ಬರೆದವರೇ ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದರು.

1819ರಲ್ಲಿ ಅವರು ಕಟ್ಟಿದ ವರ್ಜೀನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನ ಮುಖ್ಯ ಜಾಗದಲ್ಲಿ ಪ್ರಾರ್ಥನಾ ಮಂದಿರ ಇರಲಿಲ್ಲ, ಗ್ರಂಥಾಲಯವಿತ್ತು. 1826ರ ಜುಲೈ 4ರಂದು, ಸ್ವಾತಂತ್ರ್ಯ ಘೋಷಣೆಗೆ ಸರಿಯಾಗಿ 50 ವರ್ಷ ತುಂಬಿದ ದಿನ, ಜೆಫರ್ಸನ್ ತೀರಿಕೊಂಡರು. ಅವರ ಇಚ್ಛೆಯಂತೆ ಸಮಾಧಿಯ ಕಲ್ಲಿನ ಮೇಲೆ ಮೂರೇ ಸಾಧನೆಗಳಿವೆ: ಸ್ವಾತಂತ್ರ್ಯ ಘೋಷಣೆ, ಧಾರ್ಮಿಕ ಸ್ವಾತಂತ್ರ್ಯದ ಕಾನೂನು, ವಿಶ್ವವಿದ್ಯಾಲಯ. ಅಧ್ಯಕ್ಷರಾಗಿದ್ದರು ಅನ್ನೋದು ಅದರಲ್ಲಿಲ್ಲ.